ಮೋನಿಕಾ ಆಂಟಿ ಹಾಡದ ಬೆಳಿಗ್ಗೆ

ಆಗೆಲ್ಲ ಶಂಕರಪುರದ ಮಕ್ಕಳಿಗೆ ಬೇಸಗೆ ರಜೆ ಶುರುವಾಗುತ್ತಿದ್ದುದು ನೆನೆಸಿದ ಬಾಳೆನಾರಿನ ವಾಸನೆಯಿಂದ. ಬೆಳಗಾಗುವಾಗಲೇ ಮಲ್ಲಿಗೆ ಮೊಗ್ಗು ಕೊಯ್ದು, ಹೂವಿನ ರಿಕ್ಷಾ ಬರುವುದರೊಳಗೆ ಕಟ್ಟಿ ಮುಗಿಸಬೇಕು. ನಮಗೆ ಸ್ವಂತ ಗಿಡಗಳಿರಲಿಲ್ಲ. ಅಮ್ಮ ಪಕ್ಕದ ಫಿಲೋ ಬಾಯಿಯ ಮನೆಗೆ ಹೂ ಕಟ್ಟಲು ಹೋಗುತ್ತಿದ್ದಳು, ಜೊತೆಗೆ ನಾನು. ಜಗಲಿಯಲ್ಲಿ ಕಾಲು ಚಾಚಿ ಕುಳಿತ ಹೆಂಗಸರ ನಡುವೆ ಫಿಲೋ ಬಾಯಿಯ ಗಂಡನ ಅಕ್ಕ ಮೋನಿಕಾ ಆಂಟಿಯೂ ಇರುತ್ತಿದ್ದರು.

ಮೋನಿಕಾ ಆಂಟಿ ಮುಂಬೈಯ ಹೋಟೆಲುಗಳಲ್ಲಿ ಜಾಝ್ ಹಾಡುತ್ತಿದ್ದವರು. ಒಂದು ರೆಕಾರ್ಡೂ ಬಂದಿತ್ತು. ಜೊತೆಗಿದ್ದ ಪಿಯಾನೋದವನು ಬಿಟ್ಟುಹೋದ, ಕುಡಿತ ಅಂಟಿತು, ಹೋಟೆಲುಗಳಿಗೆ ಬೇರೆ ಬಗೆಯ ಹಾಡು ಬೇಕಾಯಿತು. ತಮ್ಮ ಕುವೈತಿನಲ್ಲಿದ್ದ. ಅವನ ಮನೆಯ ಹಿಂದಿನ ಕೋಣೆಗೆ ಇವರು ಬಂದು ಬಿದ್ದರು. ‘ಬಿದ್ದರು’ ಎನ್ನುವುದು ಫಿಲೋ ಬಾಯಿಯ ಮಾತು.

ಹೂ ಕಟ್ಟುತ್ತ ಅವರು ಹಾಡುತ್ತಿದ್ದರು. ದಪ್ಪ, ಸ್ವಲ್ಪ ಒಡೆದ ದನಿ. ಪದ ಬರಬೇಕಾದ ಹೊತ್ತಿಗೆ ಬರುತ್ತಿರಲಿಲ್ಲ. ಅಮ್ಮನ ಬೆರಳು ಗಂಟು ಬಿಗಿದು ಮುಂದಿನ ಮೊಗ್ಗಿಗೆ ಹೋದ ಮೇಲೆ ಮೆಲ್ಲನೆ ಬಂದು ಕೂರುತ್ತಿತ್ತು.

“ಹಾಡೂ ತಡ, ಹೂವೂ ತಡ,” ಎನ್ನುತ್ತಿದ್ದರು ಫಿಲೋ ಬಾಯಿ. “ರಿಕ್ಷಾದವನು ಕಾಯ್ತಾನಾ ನಿಮ್ಮ ಬ್ಯಾಂಡಿಗೆ?”

“ಮಂತ್ರಿಗಳೇ ಕಾದದ್ದುಂಟು, ಫಿಲೋ.”

“ಕಾದವರು ಯಾರೂ ಮದುವೆ ಆಗ್ಲಿಲ್ಲ, ಅಲ್ವಾ?”

ಹೆಂಗಸರು ನಗುತ್ತಿದ್ದರು. ಮೋನಿಕಾ ಆಂಟಿಯೂ ನಗುತ್ತಿದ್ದರು, ಅಂಗೈಯಿಂದ ಬಾಯಿ ಮುಚ್ಚಿಕೊಂಡು. ಅವರ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಆದರೂ ಹಲ್ಲು ಇಡದೆ, ತುಟಿಗೆ ಬಣ್ಣ ಹಚ್ಚದೆ ಅವರು ಕೋಣೆಯಿಂದ ಹೊರಬಂದದ್ದನ್ನು ಯಾರೂ ನೋಡಿರಲಿಲ್ಲ.

ಆ ಬೇಸಗೆಯಲ್ಲಿ ಮುಂಬೈಯಿಂದ ಒಬ್ಬ ಯುವಕನ ಫೋನ್ ಬಂತು. ಹಳೆಯ ರೆಕಾರ್ಡು ಕೇಳಿದ್ದನಂತೆ. ಅವರ ಹಾಡುಗಳನ್ನು ಈಗಿನ ದನಿಯಲ್ಲಿ ಮುದ್ರಿಸಿ ಹೊರತರುತ್ತೇನೆ ಎಂದ. ಮೋನಿಕಾ ಆಂಟಿ ಕುಡಿಯುವುದನ್ನು ಬಿಟ್ಟರು. ಬೆಳಿಗ್ಗೆ ಎದ್ದು ಕಾಳುಮೆಣಸು ಹಾಕಿದ ಬಿಸಿನೀರು ಕುಡಿಯತೊಡಗಿದರು. ನನ್ನನ್ನು ಎದುರು ಕೂರಿಸಿ, “ಬೇಬಿ, ಈ ಹಾಡು ಮೊದಲಾ, ಅದಾ?” ಎಂದು ಕೇಳುತ್ತಿದ್ದರು. “ಆ ರೆಕಾರ್ಡಿನಲ್ಲಿ ನಾನು ಬರೇ ಚಂದ ಹಾಡಿದ್ದು. ಹಾಡುವುದು ಹೇಗೆ ಅಂತ ನನಗೆ ಗೊತ್ತಾದದ್ದು ಈಗ.”

ಅದೇ ವಾರ ಫಿಲೋ ಬಾಯಿಯ ಮಗಳನ್ನು ನೋಡಲು ಕಾರ್ಕಳದಿಂದ ಗಂಡಿನವರು ಬರುವವರಿದ್ದರು. “ಕ್ಲಬ್ಬಿನಲ್ಲಿ ಹಾಡಿದವಳ ಮನೆ ಅಂತ ಪೇಪರಿನಲ್ಲಿ ಬಂದ್ರೆ ಅವರು ಚಹಾ ಕುಡೀಲಿಕ್ಕೂ ಬರುವುದಿಲ್ಲ ಮಾರಾಯ್ತಿ,” ಎಂದು ಫಿಲೋ ಬಾಯಿ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತ್ತು.

ಒಂದು ಬೆಳಿಗ್ಗೆ, ನಾವು ಹೂ ಕಟ್ಟುತ್ತಿದ್ದಾಗ, ಯುವಕ ಮೈಕು ಹಿಡಿದು ಬಂದು ಜಗಲಿಯಲ್ಲಿ ಕುಳಿತ. ಮೋನಿಕಾ ಆಂಟಿ ಹೊರಗೆ ಬರಲಿಲ್ಲ. ನಾನು ಒಳಗೆ ಹೋದೆ. ಅವರು ನೀಲಿ ಗೌನು ಹಾಕಿ, ತುಟಿಗೆ ಬಣ್ಣ ಹಚ್ಚಿ ನಿಂತಿದ್ದರು. ಹಾಸಿಗೆ, ದಿಂಬು ಎಲ್ಲ ನೆಲದ ಮೇಲಿತ್ತು. ಹಲ್ಲು ಇಡುವ ಗ್ಲಾಸಿನಲ್ಲಿ ನೀರು ಮಾತ್ರ ಇತ್ತು.

ಹಲ್ಲು ಕಾಣುತ್ತಿಲ್ಲ ಎಂದು ನಾನು ಅಮ್ಮನ ಕಿವಿಯಲ್ಲಿ ಹೇಳಿದೆ. ಪಕ್ಕದವರಿಗೂ ಕೇಳಿರಬೇಕು, ಹೆಂಗಸರೆಲ್ಲ ಫಿಲೋ ಬಾಯಿಯನ್ನು ನೋಡಿದರು. ಫಿಲೋ ಬಾಯಿ ನೈಟಿಯ ಜೇಬನ್ನು ಒಮ್ಮೆ ಮುಟ್ಟಿಕೊಂಡರು. ತಲೆಗಳು ಮತ್ತೆ ಮೊಗ್ಗಿನ ಕಡೆ ಬಾಗಿದವು.

“ಅಮ್ಮಾ...”

“ಸುಮ್ನೆ ಕಟ್ಟು. ಮನೆ ಅವರದು, ಹೂ ಅವರದು.”

ಕೊನೆಗೆ ಮೋನಿಕಾ ಆಂಟಿ ಬಾಗಿಲವರೆಗೆ ಬಂದರು, ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು. ಯುವಕ ಎದ್ದು ನಿಂತು, “ಒಂದೇ ಹಾಡು ಸಾಕು, ಮೇಡಂ,” ಎಂದ. ಅವರು ತಲೆಯಾಡಿಸಿದರು, ಇಲ್ಲ ಎಂದು.

“ಅವರಿಗೆ ಒಂದು ಹಾಡೂ ನೆನಪಿಲ್ಲ ಮಾರಾಯ್ರೆ,” ಫಿಲೋ ಬಾಯಿ ಮೃದುವಾಗಿ ಹೇಳಿದರು. “ಪ್ರಾಯ ಆಯ್ತಲ್ಲ, ಎಲ್ಲ ಮರೆತುಹೋಗಿದೆ. ಪಾಪ, ನಿಮ್ಮನ್ನು ನೋಡಿ ಹೆದರಿದ್ದಾರೆ. ನೀವು ಜ್ಯೂಸು ಕುಡೀರಿ.”

ಅಲ್ಲ ಎನ್ನಲು ಕರವಸ್ತ್ರ ತೆಗೆಯಬೇಕಿತ್ತು. ಮೋನಿಕಾ ಆಂಟಿ ತೆಗೆಯಲಿಲ್ಲ. ಯುವಕ ಪುನರ್ಪುಳಿ ಜ್ಯೂಸು ಕುಡಿದು, ಮೈಕು ಕಟ್ಟಿಕೊಂಡು ಹೋದ.

ಸಂಜೆಗೆ ಹಲ್ಲು ಗ್ಲಾಸಿನಲ್ಲಿತ್ತು. “ಇಲ್ಲೇ ಉಂಟಲ್ಲ! ಕಣ್ಣೂ ಹೋಯ್ತಾ ನಿಮ್ದು?” ಎಂದರು ಫಿಲೋ ಬಾಯಿ. ಮೋನಿಕಾ ಆಂಟಿ ಅದನ್ನು ಮತ್ತೆ ಮುಟ್ಟಲಿಲ್ಲ. ಮರುದಿನದಿಂದ ಬೋಳು ವಸಡಿನಲ್ಲೇ, ಬಣ್ಣವಿಲ್ಲದ ತುಟಿಯಲ್ಲೇ ಜಗಲಿಗೆ ಬಂದು ಕೂತರು. ಹಾಡಲಿಲ್ಲ. ಹೂ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ನಮ್ಮ ಕಡೆಯ ಹುಡುಗರು ತುಟಿ ಒಳಗೆಳೆದುಕೊಂಡು, ಸೌಟನ್ನು ಮೈಕಿನಂತೆ ಹಿಡಿದು ಹೊಸ ಆಟ ಶುರುಮಾಡಿದರು. ಫಿಲೋ ಬಾಯಿ ನಕ್ಕು ಅವರಿಗೆ ಬಿಸ್ಕತ್ತು ಕೊಟ್ಟರು. ಮಗಳ ಸಂಬಂಧ ಕೂಡಿಬಂತು. ಮಳೆಗಾಲದಲ್ಲಿ ಮೋನಿಕಾ ಆಂಟಿ ತೀರಿಕೊಂಡರು.

ಈಗ ಆ ಹಳೆಯ ರೆಕಾರ್ಡು ಎಲ್ಲರ ಫೋನಿನಲ್ಲೂ ಸಿಗುತ್ತದೆ. ಮಣಿಪಾಲದ ಕೆಫೆಗಳಲ್ಲಿ ಹಾಕುತ್ತಾರೆ, ಕಾಲೇಜಿನ ಹುಡುಗಿಯರು ಅದೇ ದನಿ ತೆಗೆದು ಹಾಡಿ ಹಂಚಿಕೊಳ್ಳುತ್ತಾರೆ. ಜಾಲತಾಣದಲ್ಲಿ ಅವರ ಚಿತ್ರದ ಕೆಳಗೆ, ಕೊನೆಗಾಲದಲ್ಲಿ ಗಾಯಕಿಗೆ ತನ್ನ ಒಂದು ಹಾಡೂ ನೆನಪಿರಲಿಲ್ಲ, ಕುಟುಂಬದವರು ಪ್ರೀತಿಯಿಂದ ನೋಡಿಕೊಂಡರು ಎಂದು ಬರೆದಿದೆ. ಅದು ಸುಳ್ಳೆಂದು ನಾನು ಬರೆದು ಕಳುಹಿಸಿದೆ. ಆಧಾರವಿದ್ದರೆ ದಯವಿಟ್ಟು ಒದಗಿಸಿ ಎಂಬ ಉತ್ತರ ಬಂತು. ನೀನು ನೋಡಿದ್ದನ್ನು ಹೇಳುತ್ತೀಯಾ ಎಂದು ಅಮ್ಮನನ್ನು ಕೇಳಿದೆ.

“ಎಂತಕ್ಕೆ ಈಗ ಅದೆಲ್ಲ?” ಎಂದಳು. “ಫಿಲೋ ಬಾಯಿ ನಮಗೆ ಕೆಟ್ಟದು ಮಾಡ್ಲಿಲ್ಲ.”

ರೆಕಾರ್ಡಿನಲ್ಲಿರುವುದು ಹರೆಯದ ಹುಡುಗಿಯೊಬ್ಬಳ ದನಿ. ಮುದುಕಿಯ ದನಿಯನ್ನು ಕೇಳಿದವರು ಇನ್ನು ಕೆಲವರೇ ಉಳಿದಿದ್ದೇವೆ, ಸುಮ್ಮನಿರುವುದು ಉಳಿದವರಿಗೆ ರೂಢಿಯಾಗಿದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಆ ಹಾಡನ್ನು ಅವರ ಹಾಗೆ ಗುನುಗಲು ನೋಡುತ್ತೇನೆ. ನನಗೆ ಸ್ವರ ನಿಲ್ಲುವುದಿಲ್ಲ.