ಹುಳ ಹಣ್ಣಾದ ದಿನ ಬಂದ ಎಂಟನೇ ಕ್ಲಾಸು

ನಮ್ಮೂರಿಗೆ ಹೈಸ್ಕೂಲು ಸರ್ಕಾರ ಕೊಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ತಂದವರು ಆದಿಲಕ್ಷ್ಮಮ್ಮ. ಜಂಗಮಕೋಟೆ ಕಡೆಯ ನಮ್ಮ ಹಳ್ಳಿಯ ಅಂಗನವಾಡಿ ಟೀಚರು, ಬಾಯಿ ಸ್ವಲ್ಪ ಜೋರು. ಏಳನೇ ಕ್ಲಾಸು ಮುಗಿಸಿದ ಹೆಣ್ಣುಮಕ್ಕಳು ಮನೆ ಸೇರುವುದನ್ನು ನೋಡಿ ನೋಡಿ ಸಾಕಾಗಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಕೋಲಾರ ಎಂದು ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದರು. ಅವರ ಕಾಟ ತಾಳಲಾರದೆ ೧೯೮೭ರಲ್ಲಿ ಒಬ್ಬ ಸಾಹೇಬರು ಶಾಲೆ ನೋಡಲು ಬರಲೊಪ್ಪಿದರು. ಮಕ್ಕಳು ತುಂಬಿದ್ದರೆ ಮಾತ್ರ ಎಂಟನೇ ಕ್ಲಾಸು ಎಂದರು.

ನಾನಾಗ ಏಳನೆಯಲ್ಲಿದ್ದೆ. ಹೆಣ್ಣುಮಗುವನ್ನು ಬಸ್ಸಿನಲ್ಲಿ ಬೇರೆ ಊರಿಗೆ ಕಳಿಸುವುದಿಲ್ಲವೆಂದು ನಮ್ಮಪ್ಪ ಗಂಗುಲಪ್ಪ ಮೊದಲೇ ಹೇಳಿಬಿಟ್ಟಿದ್ದರು. ಊರಿಗೇ ಕ್ಲಾಸು ಬರದಿದ್ದರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು.

ಸಾಹೇಬರು ಬರುವ ದಿನವೇ ಮನೆಮನೆಯಲ್ಲೂ ರೇಷ್ಮೆಹುಳ ಮೇವು ಬಿಟ್ಟು ಹಣ್ಣಾದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೇ ಆಯ್ದು ಚಂದ್ರಂಕಿಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ಚಾಪೆಗೆ, ಬಿಟ್ಟರೆ ಗೂಡು ಕಟ್ಟುತ್ತವೆ. ಮನೆಯ ಎಲ್ಲರ ಕೈಯೂ ಬೇಕು, ಮಕ್ಕಳದಂತೂ ಬೇಕೇ ಬೇಕು. ಶಾಲೆಯಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು.

ಆದಿಲಕ್ಷ್ಮಮ್ಮ ನಮ್ಮ ಮನೆಗೆ ಬಂದರು. ಹುಳದ ಮನೆಗೆ ಹೊರಗಿನವರು ಕಾಲಿಡಬಾರದು, ಅದಕ್ಕೆ ಬೀದಿಯಿಂದಲೇ ಕೂಗಿದರು.

"ಗಂಗುಲಪ್ಪ, ಮಗಳನ್ನ ಕಳಿಸು ಅಂತ ಕೇಳಲ್ಲ ಕಣಪ್ಪ. ಹುಳಾನೂ ಚಂದ್ರಂಕೀನೂ ಶಾಲೆ ಹತ್ರಾನೇ ತಗೊಂಡ್ ಬಾ. ಹೊಂಗೆ ಮರದ ನೆರಳಿದೆ."

"ಗಾಳಿಗೆ, ಕಂಡೋರ ಕಣ್ಣಿಗೆ ಹುಳ ಇಡೋದಾ ಅಕ್ಕ?"

ಊರಿಗೆಲ್ಲ ಅಕ್ಕನಾಗಿದ್ದ ಅವರು ಹೊಸಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. ಅಪ್ಪನೂ ನೋಡಿದರು. ಒಳಗೆ ಹೋಗಿ, ಹುಳದ ತಟ್ಟೆ ತಲೆ ಮೇಲಿಟ್ಟುಕೊಂಡು ಹೊರಟರು. ಅವರನ್ನು ನೋಡಿ ಊರವರೂ ಹೊರಟರು.

ಸಾಹೇಬರು ಜೀಪಿನಿಂದ ಇಳಿದಾಗ ಶಾಲೆಯ ಅಂಗಳದ ತುಂಬ ನಾವು. ಕೈ ಹುಳ ಆಯುತ್ತಿತ್ತು, ಬಾಯಿ ಮೇಷ್ಟ್ರ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು. ಸಾಹೇಬರ ತೋಳಿಗೇ ಒಂದು ಹುಳ ಹತ್ತಿತು. ಅಕ್ಕ ಅದನ್ನು ಮೆಲ್ಲಗೆ ತೆಗೆದು, "ಇದೂ ಎಂಟನೇ ಕ್ಲಾಸು ಕೇಳ್ತಾ ಇದೆ ಸ್ವಾಮಿ" ಅಂದರು. ಸಾಹೇಬರು ನಗುತ್ತಲೇ ಮಕ್ಕಳನ್ನು ಎಣಿಸಿಕೊಂಡರು. ಆ ಜೂನ್‌ನಲ್ಲಿ ನಾನು ನಮ್ಮೂರಲ್ಲೇ ಎಂಟನೇ ಕ್ಲಾಸಿಗೆ ಸೇರಿದೆ.

ಅಕ್ಕ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕೆಂಚಾರ್ಲಹಳ್ಳಿ ಕಡೆ ಹೈಸ್ಕೂಲಿಗಾಗಿ ಓಡಾಡಿದರು, ಚಿಂತಾಮಣಿಯಲ್ಲಿ ಉರ್ದು ಶಾಲೆಗೆ ಮೇಷ್ಟ್ರು ಬೇಕೆಂದು ಜಗಳವಾಡಿದರು. ಎಷ್ಟು ಹೆಣ್ಣುಮಕ್ಕಳು ಅವರಿಂದ ಓದಿದರೋ. ನಾನು ಟೀಚರಾಗಿ ಮೊದಲ ಸಂಬಳ ತಗೊಂಡ ದಿನ ಅವರ ಕಾಲು ಮುಟ್ಟಿ ಅತ್ತೆ. ಆ ಋಣ ತೀರುವಂಥದ್ದಲ್ಲ.

ಅಪ್ಪನ ಋಣವೂ ತೀರುವಂಥದ್ದಲ್ಲ. ಆ ಸಲ ಅಂಗಳದ ಅಂಚಿಗಿಟ್ಟಿದ್ದ ನಮ್ಮ ಹುಳ ಮಾತ್ರ ಗಾಳಿಗೆ ಸರಿಯಾಗಿ ಗೂಡು ಕಟ್ಟಲಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಗೂಡು ಕೈಗೆತ್ತಿಕೊಂಡವರೆಲ್ಲ ಒತ್ತಿ ನೋಡಿ, ಹಾಗೇ ಇಟ್ಟು ಮುಂದೆ ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಹೇಳಿದರು:

"ಅಕ್ಕನ ಹತ್ರ ಇದನ್ನ ಹೇಳ್ಬೇಡಮ್ಮ. ಗೊತ್ತಾದ್ರೆ ಇನ್ನೊಂದೂರಲ್ಲಿ ಕೇಳೋಕೆ ಹಿಂಜರೀತಾರೆ."

ಅಕ್ಕ ಇರುವ ತನಕ ನಾನು ಹೇಳಲಿಲ್ಲ.