ಕುದುರೆ ಮೇವಿನ ಕಾಯ್ದೆ

ಸುದ್ದಿ ಮೊದಲು ಕೇಳಿ. ನಮ್ಮ ಸವಿತಾ ಗುಡ್ಡ ಹತ್ತಿದಳು! ನಿನ್ನೆ ಸಂಜೆ, ಪಡಸಾಲೆಯ ಚಾಪೆಯ ಮೇಲೆ ಕುಳಿತಲ್ಲೇ ಹತ್ತಿದಳು. ಯರಗಟ್ಟಿಯ ಅರ್ಧ ಓಣಿಗೆ ಹೇಳಿ ಮುಗಿಸಿದ್ದೇನೆ. ಈಗ ನಿಮ್ಮ ಸರದಿ.

ಸವಿತಾ ನನ್ನ ಮೊಮ್ಮಗಳು. ಹನ್ನೊಂದು ವರ್ಷ. ಪೋಲಿಯೋದಿಂದ ಎಡಗಾಲು ಸಣ್ಣದು. (ಬಾಯಿ ಮಾತ್ರ ದೊಡ್ಡದು. ನನ್ನದೇ.) ಯಲ್ಲಮ್ಮನ ಗುಡ್ಡಕ್ಕೂ ಅಪ್ಪನ ಹೆಗಲ ಮೇಲೆ ಹೋದವಳು.

ಹೋದ ತಿಂಗಳು ಅವಳ ಸೋದರಮಾವ ಪುಣೆಯ ಹಳೇ ಪುಸ್ತಕದಂಗಡಿಯಿಂದ ಒಂದು ದಪ್ಪ ಇಂಗ್ಲಿಷ್ ಆಟದ ಪುಸ್ತಕ ತಂದುಕೊಟ್ಟ. ಈ ಆಟಕ್ಕೆ ಪಟ ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ‘ನಾನು ವೀರ, ನಾನು ಮಂತ್ರವಾದಿ’ ಅಂತ ಪಾರ್ಟು ಹಾಕಿ ದಾಳ ಉರುಳಿಸಬೇಕು. ಬಯಲಾಟದ ಥರ. (ಹತ್ತು ಮುಖದ ದಾಳ ನಮ್ಮಲ್ಲೆಲ್ಲಿ? ಕವಡೆ ಹಾಕಿದರು.)

ಆದರೆ ಆ ರೂಲ್ಸು! ಬಾಗಿಲು ತೆಗೆಯಲು ಮೂರು ಕೋಷ್ಟಕ. ಬಿದ್ದರೆ ಯಾವ ಎಲುಬು ಮುರಿಯಿತು ಅಂತ ನೋಡಲು ಇನ್ನೆರಡು ಪುಟ. ಮೂರನೇ ಇಯತ್ತೆ ಕಲಿತ ನಾನಿರಲಿ, ಹತ್ತನೇ ಓದುವ ಅವಳ ಅಣ್ಣ ಮಹಾಂತೇಶನೂ ಬೆವೆತ.

ಬೆವರಲಿ ಬಿಡಿ. ಕನ್ನಡ ಮಾಡುತ್ತ ಹಾಗೇ ಓದಿಕೊಂಡು ಹೋದ: ‘ಹೆಣ್ಣಾದ್ರ ಶಕ್ತಿಯೊಳಗ ನಾಕ ಕಡಿಮಿ. ಕುಂಟರು ವೀರ ಆಗಂಗಿಲ್ಲ, ಭಿಕ್ಷುಕರಷ್ಟ...’

ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಸವಿತಾ ಕವಡೆ ಕೆಳಗಿಟ್ಟು ಒಳಗೆ ಹೋದಳು.

ಎಂಟು ದಿನ ಆ ಚಾಪೆಗೆ ಬರಲಿಲ್ಲ. ಶಾಲೆಯಲ್ಲೂ ಆಟದ ಪಿರಿಯಡ್ಡು ಬಂತೆಂದರೆ ಹೊಟ್ಟೆನೋವಂತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಪಂಚಮಿಗೆ ಚೌಕಾಬಾರ ಆಡಲು ಕುಳಿತಾಗ ಹೊಸ ಸೊಸೆ ಒಂದು ಕಾಯ್ದೆ ಬದಲಿಸಬಹುದು. ನಾನು ಬಂದ ವರ್ಷ, ಹೊಡೆಸಿಕೊಂಡ ಕಾಯಿಗೆ ಇನ್ನೊಂದು ಸರದಿ ಕೊಡಿಸಿದ್ದೆ. ಇವತ್ತಿಗೂ ನಡೆದಿದೆ. ಪುಣೆಯಿಂದ ಬಂದ ಪುಸ್ತಕಕ್ಕೇನು ಕೋಡು ಮೂಡಿದೆಯೇ?

ನಿನ್ನೆ ಕನ್ನಡಕ ಏರಿಸಿ, ಪೆನ್ನು ಹಿಡಿದು, ಸವಿತಾಳ ಎದುರೇ ಆ ಪುಟ ತೆಗೆದೆ. (ಮಹಾಂತೇಶ ಓದಿದ ಜಾಗ ಗುರುತಿದೆ ಅಂದುಕೊಂಡಿದ್ದೆ.) ಮೇಲಿನಿಂದ ಕೆಳತನಕ ಅಡ್ಡಗೀಟು ಎಳೆದೆ.

ಅವಳು ಇಣುಕಿದಳು. ‘ಆಯಿ! ಅದು ಕುದುರಿ ಮೇವಿನ ಕಾಯ್ದೆ!’

‘ಹೌದನ? ಇಂಗ್ಲಿಷ್ ಅಕ್ಷರ ಎಲ್ಲಾ ಒಂದ ಥರಾ ಕಾಣತಾವ ನೋಡವಾ.’

‘ಪಾಪ, ಕುದುರಿ ಉಪಾಸ ಬಿತ್ತಲ್ಲ!’ ನಕ್ಕಳು ನೋಡಿ. ಎಂಟು ದಿನದ ನಗು ಒಮ್ಮೆಗೇ!

ಪೆನ್ನು ಕಸಿದುಕೊಂಡಳು. ಸರಿಯಾದ ಪುಟ ತಾನೇ ಹುಡುಕಿ ಎರಡೂ ಕಾಯ್ದೆ ಹೊಡೆದುಹಾಕಿದಳು. ಬದಿಗೆ ಬರೆದಳು: ‘ಕುಂಟುವವರು ನೆಲ ನೋಡಿ ನಡೆಯುತ್ತಾರೆ. ಮುಚ್ಚಿದ ಗುಂಡಿ ಮೊದಲು ಅವರಿಗೇ ಕಾಣುತ್ತದೆ.’

‘ಬರೋಬರಿ ಐತಿ ಬಿಡವಾ,’ ಅಂದ ಮಹಾಂತೇಶ. ತಲೆ ಎತ್ತಲಿಲ್ಲ. ಕಥೆ ಶುರು ಮಾಡಿದ.

ಗುಡ್ಡದ ದಾರಿಯಲ್ಲಿ ಏಳು ಗುಂಡಿ. ಮುಂದೆ ಸವಿತಾ. ಹಿಂದೆ ಉಪವಾಸದ ಕುದುರೆಯ ಮೇಲೆ ನಾನು. ಏಳನ್ನೂ ಅವಳೇ ಕಂಡಳು. ತುದಿ ಮುಟ್ಟಿದಳು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು.

ರಾತ್ರಿ ಮಗ, ಸೊಸೆ, ಮೊಮ್ಮಕ್ಕಳು, ನಾನು ಒಟ್ಟಿಗೇ ಉಣ್ಣಲು ಕುಳಿತೆವು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ. ಸವಿತಾ ನನ್ನ ತಾಟಿನ ಬದಿಗೆ ಒಂದು ರೊಟ್ಟಿ ಚೂರಿಟ್ಟಳು. ‘ಇದು ನಿನ್ನ ಕುದುರಿಗಿ, ಆಯಿ.’

ಅಷ್ಟು ದಪ್ಪ ಪುಸ್ತಕ ಬರೆದ ಪುಣ್ಯಾತ್ಮ, ಒಂದು ದಿನವಾದರೂ ಮಕ್ಕಳ ಜೊತೆ ಕುಳಿತು ಆಡಿದ್ದನೇ?