ಎಲ್ಲರೆದುರು ಕಂಪ್ಯೂಟರಿಗೆ ಕೂತದ್ದು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊಲ್ಲಾಪುರದಲ್ಲಿ ನಮ್ಮ ಮಾವನವರದು ಚಾದರ, ಟವೆಲ್ಲುಗಳ ಸಗಟು ಅಂಗಡಿ. ಪರದೇಶದ ಗಿರಾಕಿಗಳು ಕೂತಲ್ಲಿಂದಲೇ ಮಾಲು ತರಿಸಿಕೊಳ್ಳುವಂತಾಗಲಿ ಎಂದು ಅವರು ಪುಣೆಯ ಒಬ್ಬ ಹುಡುಗಿಯಿಂದ ವೆಬ್‌ಸೈಟ್ ಮಾಡಿಸುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ ಅದೇ ಸುದ್ದಿ ಹೇಳುತ್ತಿದ್ದರು.

ಒಂದು ದಿನ ಆಕೆ ಅರ್ಧ ತಯಾರಾದ ಪುಟಗಳನ್ನು ಫ್ಲಾಪಿಯಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಇದನ್ನು ಎಂದೂ ನೋಡದವರು ಯಾರಾದರೂ ಕೂತು ಒಂದು ಚಾದರ ಆರ್ಡರ್ ಮಾಡಬೇಕು, ಅವರು ಎಲ್ಲಿ ತಡವರಿಸುತ್ತಾರೆಂದು ತಾನು ನೋಡಬೇಕು ಅಂದಳು.

"ನಮ್ಮ ಸೊಸಿ ಅದಾಳಲ್ಲ, ಕಂಪ್ಯೂಟರ್ ಕೋರ್ಸ್ ಮಾಡ್ಯಾಳ," ಎಂದರು ಮಾವ. ಮದುವೆಗೆ ಮೊದಲು ಮಾಡಿದ ಕೋರ್ಸು ಅದು. ಅದರ ಬಗ್ಗೆ ಮನೆಯಲ್ಲಿ ನಾನೂ ಬಾಯಿ ತುಂಬ ಹೇಳಿಕೊಂಡಿದ್ದೆ.

ಕೂತೆ. ನನ್ನ ಹಿಂದೆ ಮಾವ, ಗಂಡ, ಮೈದುನ ಸಾಲಾಗಿ ನಿಂತರು. ತಲೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಿ ಎಂದು ಹುಡುಗಿ ಮರಾಠಿಯಲ್ಲಿ ಹೇಳಿದಳು. ಮಾವನೆದುರು ನಾನು ಎಂದು ಗಟ್ಟಿಯಾಗಿ ಮಾತಾಡಿದ್ದೆ? ಸುಮ್ಮನೆ ಹುಡುಕಿದೆ. ಕೆಂಪು ಚಾದರ ಸಿಕ್ಕಿತು. ಅದನ್ನು ಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಮೂಲೆಯಲ್ಲೊಂದು ಸಣ್ಣ ಗಾಡಿಯ ಚಿತ್ರವಿತ್ತು. ಮಾಲು ಸಾಗಿಸುವ ವಿಷಯವಿರಬೇಕೆಂದು ಬಿಟ್ಟೆ. ಕಂಡಕಂಡಲ್ಲಿ ಒತ್ತಿದೆ. ಪುಟವೇ ಮುಚ್ಚಿಹೋಯಿತು.

"ವಹಿನಿ, ದುಕಾನss ಬಂದ್ ಮಾಡಿಬಿಟ್ರಲ್ರಿ!" ಎಂದು ಮೈದುನ ನಕ್ಕ.

"ಇದಕ್ಕೇನ ಕೋರ್ಸ್ ಮಾಡಿದ್ದು?" ಎಂದರು ಮಾವ.

ಹುಡುಗಿ ಗಂಡಸರನ್ನು ಹೊರಗೆ ಕಳಿಸಿದಳು. ತಪ್ಪು ನಿಮ್ಮದಲ್ಲ, ಪುಟದ್ದು ಅಂದಳು. ಕೊಳ್ಳಲು ಒತ್ತಬೇಕಾದದ್ದು ಆ ಗಾಡಿಯ ಚಿತ್ರವನ್ನೇ, ಅದನ್ನು ನೋಡಿ ಏನನ್ನಿಸಿತು ಹೇಳಿ ಎಂದು ಕೇಳಿದಳು. ನನ್ನ ಕಿವಿ ಬೆಂಕಿಯಾಗಿತ್ತು. ಎಲ್ಲ ಚೆನ್ನಾಗಿದೆ ಅಂದೆ. ಮತ್ತೆ ಕೇಳಿದಳು, ಮತ್ತೆ ಅದನ್ನೇ ಅಂದೆ.

ಮರುದಿನವೇ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಯ ತವರಿಗೆ ಹೋದೆ.

"ಹಬ್ಬಿಲ್ಲ ಹುಣ್ಣಿವಿಲ್ಲ, ಯಾಕ ಬಂದಿ?" ಎಂದಳು ಅವ್ವ.

"ನಿನ್ನ ನೆನಪಾತು."

ಜೋಳದ ಭಕ್ರಿ ಬಡಿಯುತ್ತ ಆಕೆ ಒಂದೆರಡು ಸಲ ನನ್ನ ಮುಖ ನೋಡಿದಳು. ನಡೆದದ್ದನ್ನು ಅವಳಿಗೆ ಹೇಗೆ ಹೇಳಲಿ? ಕೋರ್ಸಿಗೆ ಕಳಿಸಲು ಅಪ್ಪನ ಜೊತೆ ಜಗಳಾಡಿದವಳು ಅವಳೇ.

ನಾನು ಮರಳಿ ಬಂದಾಗ ಹುಡುಗಿ ಮತ್ತೆ ಬಂದಿದ್ದಳು. ಗಾಡಿಯ ಚಿತ್ರದ ಬದಲು ಚಾದರದ ಕೆಳಗೆ 'ಕೊಳ್ಳಿ' ಎಂದು ಅಕ್ಷರಗಳಲ್ಲಿ ಬರೆದಿದ್ದಳು. ಈ ಸಲ ವಯಸ್ಸಾದವರೊಬ್ಬರು ಬೇಕಂತೆ. "ನಾನss ಕೂಡ್ತೀನಿ ತಗೋ," ಎಂದು ಮಾವ ಕುರ್ಚಿ ಎಳೆದರು.

ನಾನು ಬಾಗಿಲಲ್ಲಿ ನಿಂತೆ. ಅವರೂ ಎಡವಲಿ ಎಂದು ಮನಸ್ಸಿನಲ್ಲಿ ಬಯಸುತ್ತಿದ್ದೆ.

ಎಡವಿದರು. ಮೌಸನ್ನು ಮೇಜಿನಿಂದ ಎತ್ತಿ ಪರದೆಗೆ ಹಿಡಿದರು. ಪರದೆಯ ಮೇಲಿನ ಬಾಣ ಅಲುಗಲಿಲ್ಲ. "ಎಲ್ಲಿ ಹೋತದು?" ಅಂದರು. ಮೈದುನ ಕಿಸಕ್ಕೆಂದ. ಮಾವನ ಕುತ್ತಿಗೆ ಬೆವೆತಿತು, ಕಿವಿ ಕೆಂಪಾಯಿತು. ನನಗೆ ಒಂದು ಚೂರೂ ಸಮಾಧಾನವಾಗಲಿಲ್ಲ. ಅಂದು ನಾನೇ ಕೂತಾಗಿನದಕ್ಕಿಂತ ಹೆಚ್ಚು ನಾಚಿಕೆಯಾಗಿ, ಚಹಾ ತರುವ ನೆಪದಲ್ಲಿ ಒಳಗೆ ಸರಿದೆ.

ಚಹಾ ತರುವಷ್ಟರಲ್ಲಿ ಅವರು ಎದ್ದಿದ್ದರು. "ಕಣ್ಣ ಸರಿ ಕಾಣವಲ್ದು," ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಹುಡುಗಿ ಅವರಿಗೇನನ್ನಿಸಿತೆಂದು ಕೇಳಿದಳು. ಮಾವ ನನ್ನ ಕಡೆ ತಿರುಗಿದರು, ಕಣ್ಣು ಮಾತ್ರ ನೆಲದ ಮೇಲೆ.

"ನೀನss ಹೇಳವಾ. ನಿನಗೇನ ತ್ರಾಸ ಆತು, ಎಲ್ಲಾ ಹೇಳು."

ಚಪ್ಪಲಿ ಮೆಟ್ಟಿ ಹೊರಟರು. "ನೀನೂ ಬಾ," ಎಂದು ಮೈದುನನನ್ನೂ ಕರೆದೊಯ್ದರು.

ಹುಡುಗಿಯ ಪಕ್ಕ ಕೂತೆ. ಒಂದೊಂದಾಗಿ ಹೇಳಿದೆ: ಯಾವ ಅಕ್ಷರ ಸಣ್ಣದು, ಎಲ್ಲಿ ಭಯವಾಯಿತು, ಯಾಕೆ ಸುಳ್ಳು ಹೇಳಿದೆ. ಆಕೆ ಎಲ್ಲವನ್ನೂ ಬರೆದುಕೊಂಡಳು. ವೆಬ್‌ಸೈಟ್ ಮುಂದೆ ಚೆನ್ನಾಗಿಯೇ ಆಯಿತು. ಮಾವ ಮತ್ತು ನಾನು ಮಾತ್ರ ಬಹಳ ದಿನ, ಊಟಕ್ಕೆ ಬಡಿಸುವಾಗಲೂ, ಒಬ್ಬರ ಮುಖ ಒಬ್ಬರು ನೋಡಲಿಲ್ಲ.